ಯಾವ ಊರಿನ ಮಹಾಬಲೇಶ್ವರ? ಪೂಜೆ ಬುಕ್ ಮಾಡುವ ಆ್ಯಪ್ ಒಂದರ ರಿವ್ಯೂ

ಐದಕ್ಕೆ ಎರಡು ಸ್ಟಾರ್ ಕೊಟ್ಟಿದ್ದೇನೆ. ಕನ್ನಡ ಅಕ್ಷರ ಚೆನ್ನಾಗಿ ಕಾಣುತ್ತದೆ, ಅದಕ್ಕೊಂದು. ದುಡ್ಡು ಕಟ್ಟುವುದು ಸಲೀಸು, ವಯಸ್ಸಾದವರಿಗೂ ಅರ್ಥ ಆಗುತ್ತದೆ, ಅದಕ್ಕೊಂದು. ಉಳಿದ ಮೂರು ಯಾಕೆ ಕೊಟ್ಟಿಲ್ಲ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಊರು ಬಿಟ್ಟು ದೂರ ಇರುವ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಇಂಥ ಆ್ಯಪ್ ಜಾಸ್ತಿ ಬಳಸುತ್ತಾರೆ. ದೇವರ ಸೇವೆಗೆ ಅಂತ ಕೊಟ್ಟ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದು ಗೊತ್ತಿರಬೇಕು. ಆ್ಯಪ್ ಹೆಸರು ಬರೆಯುವುದಿಲ್ಲ. ನಾನು ಹೇಳುವ ತೊಂದರೆ ಇಂಥ ಯಾವ ಆ್ಯಪಿನಲ್ಲೂ ಆಗಬಹುದು, ನಿಮ್ಮದರಲ್ಲಿ ನೀವೇ ಹುಡುಕಿ ನೋಡಿ.

ವಿಷಯ ಇಷ್ಟು. ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ದೊಡ್ಡಪ್ಪನಿಗೆ 70 ತುಂಬಿತು. ಭೀಮರಥ ಶಾಂತಿ ಮನೆಯಲ್ಲೇ ಇಟ್ಟುಕೊಂಡಿದ್ದೆವು. ಅವತ್ತೇ ಗೋಕರ್ಣದ ಮಹಾಬಲೇಶ್ವರನಿಗೆ ಅವರ ಹೆಸರಿನಲ್ಲಿ ಒಂದು ರುದ್ರಾಭಿಷೇಕ ಆಗಬೇಕು ಅಂತ ಅವರಿಗೆ ಆಸೆ. ಮಂಡಿ ನೋವು, ದೇವಿಮನೆ ಘಟ್ಟ ಇಳಿದು ಕುಮಟಾ ದಾಟಿ ಹೋಗಿ ಸಾಲಿನಲ್ಲಿ ನಿಲ್ಲುವುದು ಆಗದ ಮಾತು. ಆ್ಯಪಿನಲ್ಲಿ ಮಾಡಿಸುತ್ತೇನೆ ಅಂದೆ, ಒಪ್ಪಿದರು.

ದೊಡ್ಡಪ್ಪನ ಹೆಸರೂ ಮಹಾಬಲೇಶ್ವರ. ಊರಲ್ಲಿ ಪೂರ್ತಿ ಹೆಸರು ಯಾರೂ ಹೇಳುವುದಿಲ್ಲ. ಮಾಬ್ಲಣ್ಣ, ಮಾಬ್ಲಭಾವ, ಹಿರಿಯರ ಬಾಯಲ್ಲಿ ಬರೀ ಮಾಬ್ಲ. ನಮ್ಮ ಕಡೆ ಒಂದು ಸೀಮೆಯಲ್ಲಿ ಎಷ್ಟು ಮಾಬ್ಲ ಹೆಗಡೆಯವರು, ಎಷ್ಟು ಮಾಬ್ಲ ಭಟ್ಟರು ಇದ್ದಾರೆ ಅಂತ ಲೆಕ್ಕ ಹಾಕಲು ಆಗುವುದಿಲ್ಲ. ಹಾಗಂತ ಯಾರಿಗೂ ಗಲಿಬಿಲಿ ಆಗುವುದಿಲ್ಲ. ಮದುವೆ ಕರೆಯೋಲೆ ಬರೆಯುವಾಗ, ಅಡಿಕೆ ಲೆಕ್ಕ ಬರೆಯುವಾಗ, ಸಾವಿನ ಸುದ್ದಿ ಫೋನಿನಲ್ಲಿ ಬಂದಾಗ ಮೊದಲ ಪ್ರಶ್ನೆ ಒಂದೇ: ಯಾವ ಊರಿನ ಮಾಬ್ಲ ಹೆಗಡೆ? ಊರು ಹೇಳಿದ ಮೇಲೆ ಮನೆ. ಮೇಲಿನಮನೆಯವರೋ, ಕೆಳಗಿನಮನೆಯವರೋ? ಅಷ್ಟಾದರೆ ಆಯಿತು, ಆಮೇಲೆ ಯಾರೂ ತಪ್ಪುವುದಿಲ್ಲ. ಶಾಲೆ ಮೆಟ್ಟಿಲು ಹತ್ತದ ನಮ್ಮ ಅಜ್ಜಿಗೂ ಇದು ಗೊತ್ತಿತ್ತು. ಈ ಆ್ಯಪ್ ಮಾಡಿದವರು ಆ ಒಂದು ಪ್ರಶ್ನೆ ಕೇಳಿಲ್ಲ.

ಹುಡುಕುವ ಜಾಗದಲ್ಲಿ ಮಹಾಬಲೇಶ್ವರ ಅಂತ ಹಾಕಿದರೆ ಒಂದೇ ಒಂದು ಪುಟ ತೆರೆಯುತ್ತದೆ. ಮೇಲೆ ದೊಡ್ಡ ಫೋಟೋ, ಸಮುದ್ರದ ದಡದಲ್ಲಿ ಕೂತ ಶಿವ. ಅದು ಗೋಕರ್ಣವೇ ಅಲ್ಲ, ಮುರ್ಡೇಶ್ವರದ 123 ಅಡಿಯ ಮೂರ್ತಿ. ಎರಡು ಊರಿನ ನಡುವೆ ಹೊನ್ನಾವರ ಇದೆ, ಶರಾವತಿ ಇದೆ. ಕೆಳಗೆ ಸರಿಸಿದರೆ ಇನ್ನೊಂದು ಫೋಟೋ, ಮಂಜು ಕವಿದ ಬೆಟ್ಟ, ಕೆಂಪು ಸ್ಟ್ರಾಬೆರಿ ತೋಟ. ಅದು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಮಹಾಬಲೇಶ್ವರ. ಅದರ ಕೆಳಗೆ ರಾವಣನ ಕಥೆ. ಕಥೆ ಮುಗಿಯುವ ಹೊತ್ತಿಗೆ ಮತ್ತೆ ಬೇರೆ ಕಥೆ, ಮಹಾಬಲ ಅತಿಬಲ ಅನ್ನುವ ಅಣ್ಣತಮ್ಮ ರಾಕ್ಷಸರದ್ದು, ಎರಡಕ್ಕೂ ನಡುವೆ ಒಂದು ಗೆರೆಯೂ ಇಲ್ಲ. ಓದುವವರಿಗೆ ರಾವಣನೇ ಸಾತಾರಾ ಬೆಟ್ಟ ಹತ್ತಿದ ಅನ್ನಿಸಬೇಕು, ಹಾಗಿದೆ.

ಎರಡೂ ಕಥೆ ಚೆಂದವೇ. ಆದರೆ ಎರಡೂ ಬೇರೆ ಬೇರೆ ಊರಿನವು.

ನಮ್ಮ ಗೋಕರ್ಣದ್ದು ಚಿಕ್ಕವರಿದ್ದಾಗಿಂದ ಕೇಳಿದ್ದು. ರಾವಣನ ತಾಯಿ ಕೈಕಸಿ ಮರಳಿನ ಲಿಂಗ ಮಾಡಿ ಪೂಜೆ ಮಾಡುತ್ತಿದ್ದಳು. ಅದನ್ನು ಅಲೆ ಕೊಚ್ಚಿಕೊಂಡು ಹೋಯಿತು. ಅಮ್ಮನಿಗೆ ಶಿವನ ಆತ್ಮಲಿಂಗವನ್ನೇ ತರುತ್ತೇನೆ ಅಂತ ಮಗ ಕೈಲಾಸಕ್ಕೆ ಹೋದ. ಸಿಕ್ಕಿತು, ಆದರೆ ಲಂಕೆ ಮುಟ್ಟುವ ತನಕ ನೆಲಕ್ಕೆ ಇಡಬಾರದು ಅನ್ನುವ ಷರತ್ತು. ಇತ್ತ ವಿಷ್ಣು ಚಕ್ರದಿಂದ ಸೂರ್ಯನನ್ನು ಮರೆ ಮಾಡಿದ, ಸಂಜೆ ಆಯಿತು ಅಂತ ರಾವಣ ಸಂಧ್ಯಾವಂದನೆಗೆ ಹೊರಟ, ಅಲ್ಲೇ ಇದ್ದ ಬ್ರಾಹ್ಮಣ ವಟುವಿನ ಕೈಗೆ ಲಿಂಗ ಕೊಟ್ಟ. ವಟು ಅಂದರೆ ಗಣಪತಿ. ಮೂರು ಸಲ ಕೂಗಿ ನೆಲಕ್ಕೆ ಇಟ್ಟೇಬಿಟ್ಟ. ಸಿಟ್ಟಿಗೆ ರಾವಣ ಗಣಪತಿಯ ತಲೆಗೆ ಗುದ್ದಿದ. ಆ ತಗ್ಗು ಇವತ್ತಿಗೂ ಪಕ್ಕದ ಮಹಾಗಣಪತಿ ಗುಡಿಯ ಮೂರ್ತಿಯ ತಲೆಯಲ್ಲಿ ಇದೆ. ನಮ್ಮವರು ಮೊದಲು ಅಲ್ಲಿಗೆ ಹೋಗಿಯೇ ಆಮೇಲೆ ಮಹಾಬಲನ ಹತ್ತಿರ ಹೋಗುವುದು. ರಾವಣ ಎಷ್ಟೇ ಎಳೆದರೂ ಲಿಂಗ ಕದಲಲಿಲ್ಲ, ತಿರುಚಿ ಹಸುವಿನ ಕಿವಿಯಂತಾಯಿತು. ಅಷ್ಟು ಬಲದವನನ್ನೂ ಸೋಲಿಸಿದ್ದಕ್ಕೆ ಮಹಾಬಲ ಅನ್ನುವ ಹೆಸರು. ರಾವಣ ಎಸೆದ ಉಳಿದ ವಸ್ತುಗಳು ಬಿದ್ದ ಜಾಗಗಳು ಸಜ್ಜೇಶ್ವರ, ಗುಣವಂತೇಶ್ವರ, ಧಾರೇಶ್ವರ, ಮುರ್ಡೇಶ್ವರ. ಗೋಕರ್ಣ ಸೇರಿ ಪಂಚಕ್ಷೇತ್ರ. ಕಾರವಾರದಿಂದ ಭಟ್ಕಳ ತಾಲೂಕಿನವರೆಗೆ ನಮ್ಮ ಇಡೀ ಕರಾವಳಿ ಈ ಒಂದು ಕಥೆಯಲ್ಲಿದೆ.

ಗುಡಿಯ ಒಳಗಿನ ವಿಷಯವೂ ಆ್ಯಪಿನಲ್ಲಿ ಇಲ್ಲ. ಗೋಕರ್ಣದಲ್ಲಿ ಲಿಂಗ ಎದ್ದು ಕಾಣುವುದಿಲ್ಲ. ಸಾಲಿಗ್ರಾಮ ಪೀಠದ ನಡುವಿನ ಸಣ್ಣ ತೂತಿನೊಳಗೆ ಬೆರಳು ಇಳಿಸಿದರೆ ತುದಿಗೆ ನೀರಿನ ತಣ್ಣನೆ, ಅದರಡಿ ಒರಟು ಕಲ್ಲು ತಾಗುತ್ತದೆ. ಅಷ್ಟೇ ದರ್ಶನ. ಪೂರ್ತಿ ಲಿಂಗ ಕಾಣುವುದು 40 ವರ್ಷಕ್ಕೊಮ್ಮೆ, ಪೀಠವನ್ನು ಮತ್ತೆ ಗಟ್ಟಿಯಾಗಿ ಕೂರಿಸುವ ಅಷ್ಟಬಂಧದ ಹೊತ್ತಿಗೆ ಮಾತ್ರ ಎನ್ನುತ್ತಾರೆ. ದೊಡ್ಡಪ್ಪ ಕೇಳಿದ್ದು ಆ ದೇವರಿಗೆ ಅಭಿಷೇಕ.

ಸಾತಾರಾದ ಕಥೆ ಹೀಗೆ. ಬ್ರಹ್ಮ ಯಜ್ಞ ಮಾಡುವಾಗ ಮಹಾಬಲ, ಅತಿಬಲ ಇಬ್ಬರೂ ಕಾಟ ಕೊಟ್ಟರು. ಅತಿಬಲನನ್ನು ವಿಷ್ಣು ಕೊಂದ. ಮಹಾಬಲನನ್ನು ಕೊಲ್ಲಲು ಆಗಲಿಲ್ಲ, ಕೊನೆಗೆ ದೇವಿ ಅವನನ್ನು ಮೋಹಗೊಳಿಸಬೇಕಾಯಿತು. ಸಾಯುವ ಮೊದಲು ಅವನು ಕೇಳಿದ ವರ ಅಂದರೆ ದೇವರುಗಳು ನಮ್ಮಿಬ್ಬರ ಹೆಸರಿನಲ್ಲಿ ಇಲ್ಲೇ ನಿಲ್ಲಬೇಕು ಅನ್ನುವುದು. ಅದಕ್ಕೇ ಅಲ್ಲಿ ಮಹಾಬಲೇಶ್ವರನ ಜೊತೆಗೆ ಅತಿಬಲೇಶ್ವರನೂ ಇದ್ದಾನೆ. ಅಂದರೆ ಅಲ್ಲಿ ಹೆಸರು ಸೋತ ರಾಕ್ಷಸನದ್ದು, ಇಲ್ಲಿ ಹೆಸರು ಗೆದ್ದ ಶಿವನದ್ದು. ಇಷ್ಟು ದೊಡ್ಡ ವ್ಯತ್ಯಾಸವನ್ನು ಒಂದೇ ಪುಟದಲ್ಲಿ ಕಲಸಿ ಇಡಬಹುದಾ? ಗೊಂದಲ ಎಲ್ಲಿಂದ ಹುಟ್ಟುತ್ತದೆ ಅಂತಲೂ ಅರ್ಥ ಆಗುತ್ತದೆ. ಇಲ್ಲಿ ಹಸುವಿನ ಕಿವಿ, ಅಲ್ಲಿನ ಪಂಚಗಂಗಾ ಗುಡಿಯಲ್ಲಿ ಹಸುವಿನ ಬಾಯಿ. ಆ ಗೋಮುಖದಿಂದ ಕೃಷ್ಣಾ, ಕೊಯ್ನಾ, ವೆಣ್ಣಾ, ಸಾವಿತ್ರಿ, ಗಾಯತ್ರಿ ಐದು ನದಿಯ ನೀರು ಬೀಳುತ್ತದೆ ಎನ್ನುತ್ತಾರೆ. ಆಲಮಟ್ಟಿ ತುಂಬಿಸುವ ಕೃಷ್ಣೆ ಹುಟ್ಟುವುದು 1,353 ಮೀಟರ್ ಎತ್ತರದ ಆ ಊರಿನಲ್ಲೇ. ಅದು ಸಣ್ಣ ಕ್ಷೇತ್ರ ಅಲ್ಲ, ಅಲ್ಲಿಯ ಪೂಜೆ ಬೇಕಾದವರಿಗೆ ಅಲ್ಲಿಯದೇ ಸಿಗಬೇಕು. ಅವರಿಗೂ ಈ ಪುಟದಿಂದ ಅನ್ಯಾಯವೇ.

ಇಷ್ಟಕ್ಕೇ ಮುಗಿಯಲಿಲ್ಲ. ಮೈಸೂರಿನ ಚಾಮುಂಡಿ ಬೆಟ್ಟದ ಮೇಲೆ ಇನ್ನೊಬ್ಬ ಮಹಾಬಲೇಶ್ವರ ಇದ್ದಾನೆ. ಚಾಮುಂಡೇಶ್ವರಿ ಗುಡಿಗಿಂತ ಹಳೆಯ ಗುಡಿ. ಆ ಬೆಟ್ಟಕ್ಕೇ ಮೊದಲು ಮಹಾಬಲಾದ್ರಿ ಅಂತ ಹೆಸರಿತ್ತು. ದೇವಿಯ ದರ್ಶನ ಮುಗಿಸಿ ಹಾಗೇ ಇಳಿದು ಹೋಗುವವರು ಜಾಸ್ತಿ, ಅಲ್ಲಿಯವರೆಗೆ ಹೋದವರು ದಯವಿಟ್ಟು ಆ ಗುಡಿಗೂ ಹೋಗಿ. ಆ್ಯಪಿನಲ್ಲಿ ಅದರ ಸುದ್ದಿಯೇ ಇಲ್ಲ. ಬದಲಿಗೆ ಹಬ್ಬದ ಸೇವೆ ಅಂತ ಇದೇ ಪುಟದ ಕೆಳಗೆ ಬಲಿಪಾಡ್ಯಮಿ ಪೂಜೆ ಸೇರಿಸಿದ್ದಾರೆ. ಬಲಿ ಚಕ್ರವರ್ತಿಗೆ ಮಹಾಬಲಿ ಅಂತಲೂ ಹೇಳುತ್ತಾರಲ್ಲ, ಅದಕ್ಕೆ ಇರಬೇಕು. ವಾಮನ ಪಾತಾಳಕ್ಕೆ ಕಳಿಸಿದ ಬಲಿಗೂ ಗೋಕರ್ಣದ ಮಹಾಬಲನಿಗೂ ಸಂಬಂಧವೇ ಇಲ್ಲ.

ಬುಕಿಂಗ್ ಫಾರ್ಮಿನಲ್ಲಿ ಭಕ್ತರ ಹೆಸರು, ಗೋತ್ರ, ನಕ್ಷತ್ರ, ರಾಶಿ ಎಲ್ಲ ಕೇಳಿದರು. ಕ್ಷೇತ್ರ ಯಾವುದು ಅಂತ ಕೇಳಲಿಲ್ಲ. ನಾನು ಷರಾ ಬರೆಯುವ ಜಾಗದಲ್ಲಿ ಗೋಕರ್ಣ, ಉತ್ತರ ಕನ್ನಡ ಜಿಲ್ಲೆ ಅಂತ ಸ್ಪಷ್ಟವಾಗಿ ಹಾಕಿದೆ. ರಸೀದಿಯಲ್ಲಿ ಅದು ಅಚ್ಚೂ ಆಗಿದೆ. ಆದರೂ ಪ್ರಸಾದ ಬಂದಾಗ ನೋಡಿದರೆ, ಹಳದಿ ಲಕೋಟೆಯೊಳಗೆ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಭಸ್ಮ, ಕಲ್ಲುಸಕ್ಕರೆ, ಜೊತೆಗೆ ಮರಾಠಿಯಲ್ಲಿ ಅಚ್ಚಾದ ಒಂದು ಚೀಟಿ. ಚೀಟಿಯಲ್ಲಿ ಭಕ್ತರ ಹೆಸರಿನ ಜಾಗ ಖಾಲಿ. ದೇವರ ಹೆಸರೂ ಭಕ್ತನ ಹೆಸರೂ ಒಂದೇ ಅಂತ ಯಾರೋ ಎರಡು ಸಲ ಬಿದ್ದಿದೆ ಅಂದುಕೊಂಡು ಅಳಿಸಿದ್ದಾರೆ ಅಂತ ನನ್ನ ಊಹೆ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ತಮಾ, ಇದು ಗೋಕರ್ಣದ್ದು ಅಲ್ದಲಾ” ಅಂದರು. ಆಮೇಲೆ ಶಿವ ಶಿವನೇ ಅಂತ ಭಸ್ಮ ಹಚ್ಚಿಕೊಂಡರು. ನನಗೆ ಮಾತ್ರ ಬಹಳ ಬೇಜಾರಾಯಿತು. 70 ವರ್ಷದ ಮನುಷ್ಯ ಕೇಳಿದ್ದು ಒಂದೇ ಒಂದು ಸೇವೆ.

ಸಹಾಯವಾಣಿಗೆ ಫೋನ್ ಮಾಡಿದೆ. ಕನ್ನಡ ಆಯ್ಕೆ ಇದೆ, ಒತ್ತಿದ ಮೇಲೆ ಹಿಂದಿಯವರು ಸಿಗುತ್ತಾರೆ. ಹುಡುಗ ಒಳ್ಳೆಯವನೇ, ತಾಳ್ಮೆಯಿಂದ ಕೇಳಿಸಿಕೊಂಡ. ಕೊನೆಗೆ ಹೇಳಿದ್ದು, ಎರಡೂ ಒಬ್ಬನೇ ದೇವರಲ್ವಾ ಸರ್ ಅಂತ. ದೊಡ್ಡಪ್ಪ ಅದೇ ಮಾತನ್ನು ಭಕ್ತಿಯಿಂದ ಹೇಳಬಹುದು. ದುಡ್ಡು ತೆಗೆದುಕೊಂಡ ಕಂಪನಿ ಅದನ್ನು ಸಮಜಾಯಿಷಿಯಾಗಿ ಹೇಳಬಾರದು. ಶಿವ ಒಬ್ಬನೇ ಆದರೂ ಹರಕೆ ಒಂದು ಊರಿನದ್ದು. ಶಿವರಾತ್ರಿ ತೇರಿಗೆ ಗೋಕರ್ಣದ ರಥಬೀದಿಯಲ್ಲಿ ನಿಂತು ಬಾಳೆಹಣ್ಣು ಎಸೆದ ನೆನಪು, ಕೋಟಿತೀರ್ಥದಲ್ಲಿ ಅಪ್ಪನ ಕಾರ್ಯ ಮಾಡಿದ ನೆನಪು, ಎಲ್ಲ ಸೇರಿ ಅದು ಅವರ ಮಹಾಬಲೇಶ್ವರ. ಬೇರೆ ಊರಿನದ್ದು ಕಳಿಸಿ ಒಂದೇ ಅಲ್ವಾ ಅಂದರೆ ಹೇಗೆ? ದುಡ್ಡು ವಾಪಸ್ ಕೊಡುತ್ತೇವೆ ಅಂದಿದ್ದಾರೆ. ಈ ರಿವ್ಯೂ ಬರೆಯುವವರೆಗೆ ಬಂದಿಲ್ಲ.

ಹೆಸರು ಒಂದೇ ಇರುವುದರಿಂದ ತೊಂದರೆ ಆಗಲೇಬೇಕು ಅಂತೇನಿಲ್ಲ. ಯಕ್ಷಗಾನ ನೋಡುವವರ ಹತ್ತಿರ ಮಹಾಬಲ ಹೆಗಡೆ ಅನ್ನಿ, ಕೆರೆಮನೆ ಅಂತ ಅವರೇ ಸೇರಿಸುತ್ತಾರೆ. ಮನೆಯ ಹೆಸರು ಮುಂದೆ ಬಂದ ಮೇಲೆ ಬೇರೆ ಯಾರೂ ನೆನಪಾಗುವುದಿಲ್ಲ, 1934ರಲ್ಲಿ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ಅದೇ ಕೆರೆಮನೆ. ಕಾರವಾರದ ಕಡೆ ಹೋಗಿ ಓದುವ ಅಭ್ಯಾಸ ಇರುವ ಕೊಂಕಣಿಯವರ ಹತ್ತಿರ ಮಹಾಬಳೇಶ್ವರ ಅನ್ನಿ, ಸೈಲ್ ಅಂತ ಮುಂದುವರಿಸುತ್ತಾರೆ. ಕುಂಬಾರರ ಬದುಕಿನ ಮೇಲೆ ಬರೆದ ಕಾದಂಬರಿಗೆ 2016ರ ಸರಸ್ವತಿ ಸಮ್ಮಾನ್ ಪಡೆದವರು. ಒಬ್ಬರಿಗೆ ಮನೆಯ ಹೆಸರು ಗುರುತು, ಇನ್ನೊಬ್ಬರಿಗೆ ಅಡ್ಡಹೆಸರು. ಅಷ್ಟು ಸಾಕು. ದೇವರಿಗೂ ಅಷ್ಟೇ ಬೇಕಾಗಿದ್ದು.

ಆ್ಯಪಿನವರು ಇದನ್ನು ಓದಿದರೆ ದಯವಿಟ್ಟು ಇಷ್ಟು ಮಾಡಿ. ಹುಡುಕಿದ ತಕ್ಷಣ ಗೋಕರ್ಣ, ಸಾತಾರಾ, ಚಾಮುಂಡಿ ಬೆಟ್ಟ ಅಂತ ಬೇರೆ ಬೇರೆ ಸಾಲು ಬರಲಿ. ಪ್ರತಿಯೊಂದಕ್ಕೂ ಅದರದ್ದೇ ಫೋಟೋ, ಅದರದ್ದೇ ಕಥೆ ಹಾಕಿ. ದುಡ್ಡು ಕಟ್ಟುವ ಮೊದಲು ಕ್ಷೇತ್ರ, ತಾಲೂಕು, ಜಿಲ್ಲೆ ದಪ್ಪ ಅಕ್ಷರದಲ್ಲಿ ತೋರಿಸಿ ಸರಿಯಾ ಅಂತ ಕೇಳಿ. ದೇವರ ಹೆಸರಿನ ಭಕ್ತರು ನಮ್ಮ ದೇಶದಲ್ಲಿ ಕೋಟಿಗಟ್ಟಲೆ ಇದ್ದಾರೆ, ಭಕ್ತರ ಹೆಸರಿನ ಜಾಗವನ್ನು ಅಳಿಸಬೇಡಿ. ಮತ್ತು ನೀವು ದೇವಸ್ಥಾನದವರಾ, ಮಧ್ಯದವರಾ ಅನ್ನುವುದನ್ನು ಮೊದಲ ಪುಟದಲ್ಲೇ ಬರೆಯಿರಿ. ಹಿರಿಯರು ಇದನ್ನು ದೇವಸ್ಥಾನದ್ದೇ ಆ್ಯಪ್ ಅಂದುಕೊಳ್ಳುತ್ತಾರೆ.

ನಮ್ಮವರಿಗೆ ಒಂದು ಮಾತು. ಘಟ್ಟದ ಮೇಲಿನ ಬಹಳ ಮನೆಗಳಿಗೆ ಗೋಕರ್ಣದಲ್ಲಿ ತಲೆತಲಾಂತರದ ಪುರೋಹಿತರ ಮನೆ ಇರುತ್ತದೆ. ನಂಬರ್ ಮನೆಯ ಹಿರಿಯರ ಹತ್ತಿರ ಇರುತ್ತದೆ, ಕೇಳಿ ಬರೆದಿಟ್ಟುಕೊಳ್ಳಿ. ನಾವು ಆಮೇಲೆ ಹಾಗೇ ಮಾಡಿದೆವು. ಫೋನ್ ಎತ್ತಿದವರು ಕೇಳಿದ ಮೊದಲ ಮಾತು, ಯಾವ ಊರಿನ ಮಾಬ್ಲ ಹೆಗಡೆ ಅಂತ. ಊರು, ಮನೆ ಹೇಳಿದೆ. ಗೋತ್ರ ಅವರೇ ಹೇಳಿದರು. ಅಭಿಷೇಕ ಆಯಿತು, ಕುಮಟಾ ಕಡೆಯಿಂದ ಬರುವ ಬಸ್ಸಿನಲ್ಲಿ ಪರಿಚಯದವರ ಕೈಯಲ್ಲಿ ಪ್ರಸಾದವೂ ಬಂತು.

ಆ್ಯಪಿನಲ್ಲಿ ಊರು ಕೇಳುವ ಕಾಲಂ ಬಂದು, ದುಡ್ಡೂ ವಾಪಸ್ ಬಂದ ದಿನ ಈ ಎರಡು ಸ್ಟಾರನ್ನು ನಾಲ್ಕು ಮಾಡುತ್ತೇನೆ.