ಬೆರಳಚ್ಚಿನ ಮಳೆಯ ಕ್ಯಾಲೆಂಡರ್

ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ, ವಿಶೇಷ ಶಾಲೆಯೊಂದರ ಮಕ್ಕಳು ಬಿಡಿಸಿದ ಚಿತ್ರಗಳಿರುವ ಗೋಡೆ ಕ್ಯಾಲೆಂಡರೊಂದನ್ನು ಕೊಂಡೆನು. ಜೂನ್ ತಿಂಗಳ ಪುಟದಲ್ಲಿ ಮಳೆಯನ್ನು ಗೆರೆ ಎಳೆದು ತೋರಿಸದೆ, ಒತ್ತೊತ್ತಾಗಿ ಊರಿದ ನೀಲಿ ಬೆರಳಚ್ಚುಗಳಿಂದಲೇ ಮೂಡಿಸಲಾಗಿದ್ದು, ಕೆಳಗೆ ಬರುತ್ತಾ ಅಚ್ಚುಗಳು ಒಂದರ ಮೇಲೊಂದು ಬಿದ್ದು ಹೊಳೆಯಂತೆ ಕಪ್ಪಾಗುವ ಬಗೆಯನ್ನು ನಾನು ಎಷ್ಟೋ ಹೊತ್ತು ನೋಡುತ್ತಾ ನಿಂತೆನು. ದೊಡ್ಡವರ ಕೈ ತಿದ್ದಿದ ಗುರುತು ಎಲ್ಲಿಯೂ ಇಲ್ಲ. ನನ್ನ ಮಟ್ಟಿಗೆ ಇದೇ ಇದರ ಹೆಚ್ಚುಗಾರಿಕೆ. ಕಾಗದ ದಪ್ಪನಾಗಿದೆ, ಮುದ್ರಣವೂ ಅಚ್ಚುಕಟ್ಟಾಗಿದೆ. ಆದರೆ ಪ್ರತಿ ಚಿತ್ರದ ಕೆಳಗೆ ‘ವಿಶೇಷ ಮಗುವಿನ ಕಲೆ’ ಎಂದಷ್ಟೇ ಮುದ್ರಿಸಿರುವುದು ಬೇಸರ ತಂದಿತು. ಇತರರಿಗೆ ಸಮನಾದ ಸಾಂಸ್ಕೃತಿಕ ಬದುಕನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೇ ಮಾನ್ಯ ಮಾಡಿರುವಾಗ, ಮನೆಯವರ ಒಪ್ಪಿಗೆ ಪಡೆದು ಆ ಪುಟ್ಟ ಕಲಾವಿದರ ಹೆಸರನ್ನೂ ಮುಂದಿನ ವರ್ಷ ಅಚ್ಚು ಹಾಕಬೇಕು.