60 ರೂಪಾಯಿಯ ಪಿಡಿಎಫ್ ಮಾರಲು ಯಾವ ಪೇಮೆಂಟ್ ಒಳ್ಳೆಯದು?

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಪಠ್ಯಪುಸ್ತಕ ಕನ್ನಡದಲ್ಲೇ ಸಿಗುತ್ತದೆ. ಗೈಡ್ ಕೇಳಿದರೆ ಮಾತ್ರ ಅಂಗಡಿಯಲ್ಲಿ ಮಲಯಾಳದ್ದು, ಇಂಗ್ಲಿಷಿನದ್ದು ತೋರಿಸುತ್ತಾರೆ. ಅದಕ್ಕೇ ಎಸ್‌ಎಸ್‌ಎಲ್‌ಸಿ ಗಣಿತಕ್ಕೆ ನಾನೇ ನೋಟ್ಸ್ ಬರೆದೆ. ಪಿಡಿಎಫ್ ಬೆಲೆ 60 ರೂಪಾಯಿ.

ಮೊದಲ ವರ್ಷ ಬರೀ ಕ್ಯೂಆರ್ ಕೋಡ್ ಇಟ್ಟಿದ್ದೆ. ಖರ್ಚೇನೂ ಇಲ್ಲ. ಆದರೆ ಮಾರ್ಚ್ ಬಂತೆಂದರೆ ರಾತ್ರಿ ಹನ್ನೊಂದಕ್ಕೂ ಮುಳ್ಳೇರಿಯಾದಿಂದಲೋ ಪೆರ್ಲದಿಂದಲೋ ಮೆಸೇಜ್: "ಟೀಚರೇ, ಪೈಸೆ ಹಾಕಿದ್ದೇನೆ, ಬಂತಾ?" ಸ್ಕ್ರೀನ್‌ಶಾಟ್ ನೋಡಬೇಕು, ಖಾತೆ ನೋಡಬೇಕು, ಆಮೇಲೆ ಫೈಲ್ ಕಳಿಸಬೇಕು. ಒಂದು ರಾತ್ರಿ ನನಗೆ ನಿದ್ದೆ ಬಂದುಬಿಟ್ಟಿತು. ಮರುದಿನ ಗಣಿತ ಪರೀಕ್ಷೆ ಇದ್ದ ಹುಡುಗಿಗೆ ನೋಟ್ಸ್ ಸಿಗಲಿಲ್ಲ. ಈಗಲೂ ಅದು ಮನಸ್ಸಿನಲ್ಲಿದೆ.

ಪಿಡಿಎಫ್, ಕೋರ್ಸ್ ಇಂಥದ್ದನ್ನೆಲ್ಲ ಮಾರುವ ವಿದೇಶಿ ಸೈಟ್ ಗಮ್‌ರೋಡ್ ನೋಡಿದೆ. ಪೈಸೆ ಬಿದ್ದ ಕೂಡಲೇ ಫೈಲ್ ತಾನಾಗಿ ಹೋಗುತ್ತದೆ. ಆದರೆ ಒಂದೊಂದು ಮಾರಾಟಕ್ಕೂ ನೂರಕ್ಕೆ 10, ಮೇಲೆ 50 ಸೆಂಟ್. ಅಂದರೆ ನಮ್ಮ 40 ರೂಪಾಯಿಗೂ ಜಾಸ್ತಿ. ಅರವತ್ತರಲ್ಲಿ 14 ಕೂಡ ಉಳಿಯುವುದಿಲ್ಲ. ಸಾವಿರಾರು ರೂಪಾಯಿಯ ಕೋರ್ಸ್ ಮಾರುವವರಿಗೆ ಸರಿಹೋದೀತು.

ಈಗ ಇರುವುದು ರೇಜರ್‌ಪೇ ಎಂಬ ಗೇಟ್‌ವೇಯ (ಆನ್‌ಲೈನ್‌ನಲ್ಲಿ ಪೈಸೆ ಪಡೆದು ನಮ್ಮ ಖಾತೆಗೆ ಹಾಕುವ ಕಂಪನಿ) ಪೇಮೆಂಟ್ ಪೇಜ್. ನನಗೆ ತುಂಬಾ ಹಿಡಿಸಿದೆ. ನೂರಕ್ಕೆ 2, ಆ ಫೀ ಮೇಲೆ 18% ಜಿಎಸ್‌ಟಿ. ಅರವತ್ತಕ್ಕೆ ಹೋಗುವುದು 1 ರೂಪಾಯಿ 42 ಪೈಸೆ. ಯುಪಿಐಗೆ 2020ರಿಂದ ಎಂಡಿಆರ್ (ಪಾವತಿಗೆ ಮಾರುವವರಿಂದ ಬ್ಯಾಂಕ್ ಹಿಡಿಯುವ ಶುಲ್ಕ) ಇಲ್ಲ ಅಲ್ವಾ, ಮತ್ತೆ ಇದು ಯಾಕೆ? ಇದು ಗೇಟ್‌ವೇ ತನ್ನ ಕೆಲಸಕ್ಕೆ ತೆಗೆದುಕೊಳ್ಳುವುದು. ಕೊಡಲು ನನಗೆ ಬೇಜಾರಿಲ್ಲ. ಪೈಸೆ ಕಟ್ಟಿದ ಮೇಲೆ ಕಾಣುವ ಸಂದೇಶದಲ್ಲಿ ಡ್ರೈವ್ ಲಿಂಕ್ ಹಾಕಿದ್ದೇನೆ. ನಾನು ಮಲಗಿದ್ದರೂ ನೋಟ್ಸ್ ಸಿಗುತ್ತದೆ. ಆ ಲಿಂಕ್ ಒಬ್ಬರಿಂದೊಬ್ಬರಿಗೆ ದಾಟುವುದುಂಟು, ಹಾಗಾಗಿ ಆಗಾಗ ಬದಲಿಸುತ್ತೇನೆ.

ಶುರು ಮಾಡುವವರು ಪಾನ್ ಕಾರ್ಡ್, ಬ್ಯಾಂಕ್ ಖಾತೆ ಎರಡರಲ್ಲೂ ಹೆಸರು ಒಂದೇ ಥರ ಉಂಟಾ ಅಂತ ಮೊದಲೇ ನೋಡಿಕೊಳ್ಳಿ. ನನ್ನದು ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಮನೆಹೆಸರು. ಸರಿ ಮಾಡಿಸಲು ಸುಮಾರು ಓಡಾಡಿದೆ.

ಒಮ್ಮೆ ಬದಿಯಡ್ಕದ ಒಬ್ಬರ ಖಾತೆಯಿಂದ ಪೈಸೆ ಹೋಯಿತು, ಇಲ್ಲಿಗೆ ಬರಲಿಲ್ಲ. ಅವರಿಗೆ ಸುಮ್ನೆ ಲಿಂಕ್ ಕಳಿಸಿಬಿಟ್ಟೆ. ಅಂಗಡಿಗೆ ಮಾಡಿದ ಯುಪಿಐ ಪಾವತಿ ಹೀಗೆ ಸಿಕ್ಕಿಬಿದ್ದರೆ 5 ದಿನದೊಳಗೆ ವಾಪಸ್ ಬರಬೇಕು, ತಡವಾದರೆ ಪೈಸೆ ಕಟ್ಟಿದವರಿಗೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ 2019ರ ನಿಯಮ ಉಂಟು. ಅವರಿಗೆ ಮೂರನೇ ದಿನ ವಾಪಸ್ ಬಂತು. ಕೂಡಲೇ ಪುನಃ 60 ರೂಪಾಯಿ ಕಟ್ಟಿದರು.