ಡಾರ್ಟ್ ಸಾಸ್: ಕೆಲಸ ಚುರುಕು, ಬಾಯಿ ಸ್ವಲ್ಪ ಜಾಸ್ತಿ

ನಾನು ಅಂಗಡಿ, ಕ್ಲಿನಿಕ್, ಕಲ್ಯಾಣ ಮಂಟಪಗಳಿಗೆ ಕನ್ನಡ ವೆಬ್‌ಸೈಟ್ ಮಾಡಿಕೊಡುವವಳು. ಇಷ್ಟು ಸಣ್ಣ ಸೈಟಿಗೆ ಫೈಲುಗಳನ್ನು ಒಟ್ಟುಗೂಡಿಸಿಕೊಡುವ ವೆಬ್‌ಪ್ಯಾಕ್, ವೀಟ್‌ನಂಥ ಸಾಧನಗಳೆಲ್ಲ ಯಾಕೆ? ಪುಟದ ಬಣ್ಣ, ಅಳತೆ, ಜೋಡಣೆ ಹೇಳುವ ಸಿಎಸ್‌ಎಸ್ ಮಟ್ಟಿಗೆ ಟರ್ಮಿನಲ್‌ನಲ್ಲಿ ಸಾಸ್ ಕಮಾಂಡ್ ಒಂದಿದ್ದರೆ ಸಾಕು. ಸಾಸ್ ಅಂದರೆ ಸಿಎಸ್‌ಎಸ್ ಅನ್ನು ಚುಟುಕಾಗಿ ಬರೆಯುವ ಭಾಷೆ; ಅದನ್ನು ಈ ಕಮಾಂಡ್ ಬ್ರೌಸರ್‌ಗೆ ಅರ್ಥವಾಗುವ ಸಿಎಸ್‌ಎಸ್ ಆಗಿ ಬದಲಿಸುತ್ತದೆ. ಸಾಸ್ 2006ರಿಂದ ಇದೆ. ರೂಬಿ ಭಾಷೆಯಲ್ಲಿ ಬರೆದಿದ್ದ ಹಳೆಯ ರೂಬಿ ಸಾಸ್‌ಗೆ 2019ರಲ್ಲೇ ಬಾಗಿಲು ಹಾಕಿದರು. ಈಗ ಬಳಸಬೇಕಾದದ್ದು ಡಾರ್ಟ್ ಭಾಷೆಯಲ್ಲಿ ಬರೆದ ಡಾರ್ಟ್ ಸಾಸ್.

ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರವಾದ ಎನ್‌ಪಿಎಂನಿಂದ ಹಾಕಿಕೊಂಡರೆ ಬರುವುದು ಜಾವಾಸ್ಕ್ರಿಪ್ಟ್ ಆವೃತ್ತಿ, ಅದು ನಿಧಾನ. ಗಿಟ್‌ಹಬ್‌ನಿಂದ ಜಿಪ್ ಇಳಿಸಿ, ಬಿಚ್ಚಿದ ಫೋಲ್ಡರನ್ನು ಪಾತ್‌ಗೆ (ಟರ್ಮಿನಲ್ ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್ ಪಟ್ಟಿಗೆ) ಸೇರಿಸಿಬಿಡಿ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಕೂಡ ಬೇಕಿಲ್ಲ. ಆಮೇಲೆ ಸಾಸ್ ಕಮಾಂಡ್‌ಗೆ, ಫೈಲ್ ಬದಲಾಗುವುದನ್ನು ಕಾಯುವ ವಾಚ್ ಆಯ್ಕೆ ಹಾಕಿ, ಎಸ್‌ಸಿಎಸ್‌ಎಸ್ (ಸಾಸ್ ಫೈಲುಗಳ) ಫೋಲ್ಡರ್ ಹೆಸರು, ಕೋಲನ್, ಸಿಎಸ್‌ಎಸ್ ಫೋಲ್ಡರ್ ಹೆಸರು. ಅಷ್ಟೇ. ಫೈಲ್ ಸೇವ್ ಮಾಡಿ ಬ್ರೌಸರ್‌ಗೆ ಹೋಗುವಷ್ಟರಲ್ಲಿ ಸಿಎಸ್‌ಎಸ್ ತಯಾರಿರುತ್ತದೆ.

ನನಗೆ ತುಂಬಾ ಹಿಡಿಸಿದ್ದು ಎರರ್ ತೋರಿಸುವ ರೀತಿ. ಸೆಮಿಕೋಲನ್ ಬಿಟ್ಟರೆ ಆ ಸಾಲನ್ನೇ ಎತ್ತಿ ತೋರಿಸಿ, ಕೆಳಗೆ ಗುರುತು ಹಾಕಿ, ಇಲ್ಲಿ ಇದು ಬೇಕಿತ್ತು ಅನ್ನುತ್ತದೆ. ಅದೇ ಮಾತನ್ನು ಸಿಎಸ್‌ಎಸ್ ಫೈಲಿಗೂ ಬರೆಯುತ್ತದೆ, ಹಾಗಾಗಿ ಪುಟದ ತಲೆಯ ಮೇಲೇ ಎರರ್ ಕಾಣುತ್ತದೆ. ಆ ಫೋಲ್ಡರ್ ನೇರವಾಗಿ ಸರ್ವರ್‌ಗೆ ಸಿಂಕ್ ಆಗುವಂತಿದ್ದರೆ ಮಾತ್ರ 'ನೋ-ಎರರ್-ಸಿಎಸ್‌ಎಸ್' ಆಯ್ಕೆ ಹಾಕಿ. ಮದುವೆಗೆ ಹಾಲ್ ಹುಡುಕುವವರಿಗೆ ನಮ್ಮ ಸೆಮಿಕೋಲನ್ ಕಥೆ ಯಾಕೆ, ಅಲ್ವಾ?

ಕನ್ನಡದಲ್ಲಿ ಸೈಟ್ ಮಾಡುವವರು ಗಮನಿಸಬೇಕಾದ ಒಂದು ವಿಷಯವಿದೆ. ಬಟನ್ ಪಕ್ಕ 'ಮುಂದೆ ಓದಿ' ಅಂತ ಪುಟಕ್ಕೆ ಪಠ್ಯ ಸೇರಿಸುವ ಸಿಎಸ್‌ಎಸ್‌ನ ಕಂಟೆಂಟ್‌ನಲ್ಲೇ ಬರೆದಿದ್ದೀರಿ ಅಂದುಕೊಳ್ಳಿ. ಆಗ ಸಾಸ್, ತಯಾರಾದ ಸಿಎಸ್‌ಎಸ್ ಫೈಲಿನ ಮೊದಲಿಗೆ ಯುಟಿಎಫ್-8 ಚಾರ್‌ಸೆಟ್ ಸಾಲು, ಅಂದರೆ ಅಕ್ಷರಗಳ ಸಂಕೇತ ಪದ್ಧತಿ ಯಾವುದೆಂದು ಹೇಳುವ ಸಾಲು ಸೇರಿಸುತ್ತದೆ. ಖಾಲಿ ಜಾಗ ತೆಗೆದು ಫೈಲ್ ಕುಗ್ಗಿಸುವ ಕಂಪ್ರೆಸ್ಡ್ ಶೈಲಿಯಲ್ಲಾದರೆ ಸಾಲಿನ ಬದಲು ಅದನ್ನೇ ಸೂಚಿಸುವ, ಕಣ್ಣಿಗೆ ಕಾಣದ ಬಿಒಎಂ ಅಕ್ಷರ. ಒಂಟಿ ಫೈಲಿಗೆ ಇದರಿಂದ ತೊಂದರೆಯಿಲ್ಲ. ಎರಡು ಸಿಎಸ್‌ಎಸ್ ಫೈಲುಗಳನ್ನು ಸ್ಕ್ರಿಪ್ಟ್‌ನಿಂದ ಸುಮ್ನೆ ಅಂಟಿಸಿದರೆ ಆ ಅಕ್ಷರ ನಡುವೆ ಸಿಕ್ಕಿಕೊಂಡು, ಅದರ ಮುಂದಿನ ಸೆಲೆಕ್ಟರ್ (ನಿಯಮ ಪುಟದ ಯಾವ ಭಾಗಕ್ಕೆ ಅಂತ ಹೇಳುವ ಹೆಸರು) ಕೆಲಸ ಮಾಡುವುದಿಲ್ಲ. ಎಡಿಟರ್‌ನಲ್ಲಿ ಎಷ್ಟು ದಿಟ್ಟಿಸಿದರೂ ಏನೂ ಕಾಣಿಸದು. 'ನೋ-ಚಾರ್‌ಸೆಟ್' ಕೊಟ್ಟರೆ ಮುಗಿಯಿತು. ಪುಟದ ಎಚ್‌ಟಿಎಂಎಲ್‌ನಲ್ಲಿ ಯುಟಿಎಫ್-8 ಅಂತ ಹೇಳಿದ್ದರೆ ಕನ್ನಡ ಸರಿಯಾಗೇ ಬರುತ್ತದೆ.

ಇನ್ನು ಬಾಯಿ ವಿಷಯ, ಅಂದರೆ ಹಳತಾದ ಬರವಣಿಗೆಗೆ ಸಾಸ್ ಕೊಡುವ ಎಚ್ಚರಿಕೆಗಳು. 1.80 ಆವೃತ್ತಿಯಿಂದ, ಬೇರೆ ಫೈಲ್ ಸೇರಿಸಿಕೊಳ್ಳುವ ಇಂಪೋರ್ಟ್ ಬಳಸಿದರೆ ಎಚ್ಚರಿಕೆ. ಭಾಗಿಸಲು ಓರೆಗೆರೆ ಹಾಕಿದರೆ ಎಚ್ಚರಿಕೆ. ಬಣ್ಣ ತಿಳಿ, ಗಾಢ ಮಾಡುವ ಲೈಟನ್, ಡಾರ್ಕನ್ ಕರೆದರೂ ಎಚ್ಚರಿಕೆ. ಸಿದ್ಧ ವಿನ್ಯಾಸಗಳ ಲೈಬ್ರರಿಯಾದ ಬೂಟ್‌ಸ್ಟ್ರಾಪ್ 5 ಸೇರಿಸಿಕೊಂಡರಂತೂ ನಮ್ಮದಲ್ಲದ ಕೋಡಿಗೂ ನಮಗೇ ಬುದ್ಧಿವಾದ. 'ಕ್ವಯಟ್-ಡೆಪ್ಸ್' ಕೊಟ್ಟರೆ ತಣ್ಣಗಾಗುತ್ತದೆ, ಆದರೆ ಆ ಲೈಬ್ರರಿ ಲೋಡ್-ಪಾತ್ (ಲೈಬ್ರರಿ ಹುಡುಕಲು ಕೊಡುವ ಫೋಲ್ಡರ್) ಮೂಲಕವೇ ಬಂದಿರಬೇಕು. ಪಕ್ಕದ ಫೋಲ್ಡರ್‌ನಿಂದ ನೇರವಾಗಿ ಎಳೆದುಕೊಂಡರೆ ಅದನ್ನು ನಿಮ್ಮ ಕೋಡೆಂದೇ ಲೆಕ್ಕ ಹಾಕುತ್ತದೆ. ನಿಮ್ಮದೇ ಹಳೆಯ ಫೈಲುಗಳಿಗೆ ಅವನ್ನು ಹೊಸ ರೀತಿಗೆ ಬದಲಿಸಿಕೊಡುವ ಸಾಸ್ ಮೈಗ್ರೇಟರ್ ಓಡಿಸಿ. ಡಾರ್ಟ್ ಸಾಸ್ 3.0ರಲ್ಲಿ ಇಂಪೋರ್ಟ್ ತೆಗೆದೇ ಹಾಕುತ್ತಾರೆ, ಬಾಯಿ ಮುಚ್ಚಿಸಿ ಕೂತರೆ ಕೆಲಸ ಮುಂದೂಡಿದಂತೆ ಅಷ್ಟೇ.

ಅಂದಹಾಗೆ, 2023ರಿಂದ ನೆಸ್ಟಿಂಗ್ (ಒಂದು ನಿಯಮದೊಳಗೆ ಇನ್ನೊಂದು ಬರೆಯುವುದು) ಬ್ರೌಸರ್‌ಗಳಲ್ಲೇ ಬಂದಿದೆ. ಬಣ್ಣಗಳಿಗೆ ಸಿಎಸ್‌ಎಸ್ ವೇರಿಯಬಲ್‌ಗಳಿವೆ. ಒಂದೇ ಪುಟದ ಸೈಟಾದರೆ ನಾನೀಗ ಸಾಸ್ ಮುಟ್ಟುವುದೇ ಇಲ್ಲ. ಮಿಕ್ಸಿನ್ (ಮತ್ತೆ ಮತ್ತೆ ಬಳಸುವ ನಿಯಮಗಳ ಕಟ್ಟು), ಲೂಪ್ ಬೇಕಾಗುವಷ್ಟು ಪುಟಗಳಿದ್ದರೆ ಮಾತ್ರ ಟರ್ಮಿನಲ್ ತೆರೆಯುತ್ತೇನೆ.